ಅಂಬಕ್ಕನ ಎರಡನೇ ಗುರುತು

ಕಂಪ್ಯೂಟರಿನ ಪರದೆಯಲ್ಲಿ ಬೆಕ್ಕು ಕೊಪ್ಪರಿಗೆಯ ಅಂಚಿನ ಮೇಲೆ ಕುಳಿತಿತ್ತು. ಅದೇ ಬೆಕ್ಕು ಅಂಬಕ್ಕನ ಕಾಲ ಬಳಿ ಮಲಗಿ ನಿದ್ದೆ ಹೊಡೆಯುತ್ತಿತ್ತು. ಅಂಬಕ್ಕ ಒಮ್ಮೆ ಮೇಲೆ ನೋಡಿದರು, ಒಮ್ಮೆ ಕೆಳಗೆ ನೋಡಿದರು, ಆಮೇಲೆ ನನ್ನನ್ನು ಕೂಗಿದರು.

“ತೆರೆಸಾ ಬಾಯಿ, ಸ್ವಲ್ಪ ಇಲ್ಲಿ ಬನ್ನಿ. ಯಾರೋ ನನ್ನ ಕ್ಯಾಮೆರಾಕ್ಕೆ ಎಂತದೋ ಮಾಡಿದ್ದಾರೆ.”

ನನ್ನದು ಪಕ್ಕದ ಟೈಲರ್ ಅಂಗಡಿ. ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಹೋಗಿ ನೋಡಿದೆ. ಗೋದಾಮಿನ ನಾಲ್ಕು ಕ್ಯಾಮೆರಾಗಳ ಚಿತ್ರವೂ ನಿಂತಲ್ಲೇ ನಿಂತಿತ್ತು.

“ಯಾರೂ ಎಂತ ಮಾಡಲಿಲ್ಲ ಅಂಬಕ್ಕ. ಕಂಪ್ಯೂಟರ್ ಹ್ಯಾಂಗ್ ಆಗಿದೆ.”

“ಆದದ್ದೋ, ಮಾಡಿದ್ದೋ?” ಎಂದರು. ಅಂಬಕ್ಕ ಎಂದರೆ ಇಷ್ಟೇ. ಇನ್ನು ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಯ ವಿಸ್ತಾರ.

ಪೂರ್ತಿ ಹೆಸರು ಮೂಕಾಂಬಿಕಾ. ಕಾಪು ಪೇಟೆಗೆಲ್ಲ ಅಂಬಕ್ಕ. ಸುತ್ತಮುತ್ತ ಮದುವೆ, ಉಪನಯನ, ಗೃಹಪ್ರವೇಶ, ನಮ್ಮ ಕ್ರಿಸ್ತುವರ ಮನೆಯಲ್ಲಿ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್, ಏನಿದ್ದರೂ ಅಡುಗೆಯ ಪಾತ್ರೆ ಬಾಡಿಗೆಗೆ ಹೋಗುವುದು ಅವರ ಗೋದಾಮಿನಿಂದ. ಗಂಡ ದಾಮೋದರಣ್ಣ ಇದ್ದಾಗ ಶಾಮಿಯಾನವೂ ಇತ್ತು. ಅವರು ತೀರಿಕೊಂಡ ಮೇಲೆ ಅಂಬಕ್ಕ ಬಟ್ಟೆ, ಕಂಬಗಳನ್ನೆಲ್ಲ ಮಾರಿ ಪಾತ್ರೆಯನ್ನು ಮಾತ್ರ ಉಳಿಸಿಕೊಂಡರು. ಯಾಕೆಂದು ಕೇಳಿದ್ದಕ್ಕೆ, “ಬಟ್ಟೆ ಹರಿದರೆ ಗಾಳಿಯ ಮೇಲೆ ಹಾಕುತ್ತಾರೆ. ಪಾತ್ರೆ ಹಾಳಾದರೆ ಮನುಷ್ಯರ ಹೆಸರು ಹೇಳಲೇಬೇಕಲ್ಲ” ಎಂದಿದ್ದರು.

ತವರು ಮಟ್ಟು. ತಮ್ಮ ಗುಳ್ಳ ಬದನೆಯ ಹೆಸರಿನಲ್ಲಿ ಬೇರೆ ಬದನೆ ಮಾರುತ್ತಾರೆಂದು ಕಾಯಿಗೆ ಸ್ಟಿಕ್ಕರ್ ಅಂಟಿಸಿ ಪೇಟೆಗೆ ಕಳಿಸುವ ಊರು. ಬದನೆಕಾಯಿಯನ್ನೇ ನಂಬದ ಊರಿನವರು ಮನುಷ್ಯರನ್ನು ನಂಬುತ್ತೀರಾ ಎಂದು ನಾನು ಕೆಣಕುವುದುಂಟು. ಆಗ ಅವರು ನಗುತ್ತಾರೆ. ಆದರೆ ಕಾರ್ಕಳದ ಮಾತು ಬಂದರೆ ನಗುವುದಿಲ್ಲ.

ಅಂಬಕ್ಕ ಒಬ್ಬರೇ ಹೊಸದಾಗಿ ವ್ಯಾಪಾರಕ್ಕೆ ಕೂತ ಕಾಲ. ಕಾರ್ಕಳದ ಒಂದು ಮದುವೆಗೆ ಹೊಸ ತಾಮ್ರದ ಕೊಪ್ಪರಿಗೆ ಹೋಗಿ, ತಳಕ್ಕೆ ತೇಪೆ ಹಾಕಿದ ಹಳೆಯದೊಂದು ವಾಪಸು ಬಂತು. ಕೇಳಲು ಹೋದರೆ, ಮದುವೆಮನೆಯ ಯಜಮಾನ ಇನ್ನೂ ಬಿಚ್ಚದ ಚಪ್ಪರದಡಿ ನೆಂಟರೆಲ್ಲರ ಎದುರು, “ಬಾಡಿಗೆ ಪಾತ್ರೆ ಕದಿಯುವ ಗತಿ ನಮಗೆ ಬರಲಿಲ್ಲ. ಸುಳ್ಳು ಹೇಳಿ ಹೊಸದು ಮಾಡಿಸಿಕೊಳ್ಳಲು ಬಂದದ್ದಾ?” ಎಂದನಂತೆ. ಅಂಬಕ್ಕನ ಮಾತಿಗೆ ಸಾಕ್ಷಿ ಇರಲಿಲ್ಲ. ತೇಪೆಯ ಕೊಪ್ಪರಿಗೆಯನ್ನೇ ಹೊರಿಸಿಕೊಂಡು ಬಂದರು. ಈಗಲೂ ಅದು ಗೋದಾಮಿನ ಮೂಲೆಯಲ್ಲಿ ಉಂಟು. ಯಾರಿಗೂ ಬಾಡಿಗೆಗೆ ಕೊಡುವುದಿಲ್ಲ, ಗುಜರಿಗೂ ಹಾಕುವುದಿಲ್ಲ.

ಅಂದಿನಿಂದ ಗುರುತು ಶುರುವಾಯಿತು. ಒಲೆಗೆ ಏರುವ ಕೊಪ್ಪರಿಗೆಗೆ ಉಳಿಯಲ್ಲಿ ಕೊರೆದ ಗುರುತು. ಬಡಿಸುವ ಬಕೆಟ್ಟು, ಡಬರಿ, ಸೌಟುಗಳಿಗೆ ಕೆಂಪು ಪೈಂಟಿನ ಬೊಟ್ಟು. ಗುರುತು ಯಾವತ್ತೂ ಅಡಿಯಲ್ಲೇ. ಕಾಣುವ ಕಡೆ ಹಾಕಿದರೆ ಬಾಡಿಗೆ ಪಾತ್ರೆಯೆಂದು ಊಟಕ್ಕೆ ಕೂತವರಿಗೆ ಗೊತ್ತಾಗಿ ಮನೆಯವರ ಮರ್ಯಾದೆ ಹೋಗುತ್ತದೆ ಎಂಬುದು ಅವರ ನ್ಯಾಯ. ಪಾತ್ರೆ ವಾಪಸು ಬಂದಾಗ ಒಂದೊಂದನ್ನೂ ಕವುಚಿ ಹಾಕಿಸಿ, ಬೊಟ್ಟು ನೋಡಿಯೇ ಒಳಗೆ ಬಿಡುವುದು. ಸ್ವಂತ ತಮ್ಮನ ಮದುವೆಯ ಪಾತ್ರೆಯನ್ನೂ ಹೀಗೆಯೇ ನೋಡಿದ್ದರು.

ಕೆಲವರು ಸೀಮೆಎಣ್ಣೆಯಲ್ಲಿ ತಿಕ್ಕಿ ಆ ಬೊಟ್ಟನ್ನೂ ತೆಗೆದರು. ಆಗ ಹುಟ್ಟಿದ್ದು ಎರಡನೇ ಗುರುತು. ಕೆಂಪು ಬೊಟ್ಟಿನ ಪಕ್ಕದಲ್ಲೇ ಬಣ್ಣವಿಲ್ಲದ ನೈಲ್ ಪಾಲಿಶಿನ ಒಂದು ಸಣ್ಣ ಗೀರು. ನೇರ ನೋಡಿದರೆ ಎಂತ ಇಲ್ಲ. ಬೆಳಕಿಗೆ ಓರೆ ಹಿಡಿದರೆ ಮಿಂಚುತ್ತದೆ. ಇದು ಅವರಿಗೂ ನನಗೂ ಬಿಟ್ಟರೆ ಕಾಪುವಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ನನಗಾದರೂ ಯಾಕೆ ಹೇಳಿದರೆಂದು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಹತ್ತಿರ ಪಾತ್ರೆ ಇಲ್ಲ, ಇರುವುದು ಹೊಲಿಗೆ ಮಿಶಿನ್ ಮಾತ್ರ, ಅದಕ್ಕೇ ಇರಬೇಕು.

ಬೆಕ್ಕು ಎರಡಾದ ಆ ದಿನ ರೋಶನ್‌ನ ಹೆಸರು ಹೇಳಿದ್ದು ನಾನೇ. ಶಂಕರಪುರದ ಆನ್ಸಿಲ್ಲಾಳ ಮಗ. ಆನ್ಸಿಲ್ಲಾ ನನ್ನ ಬಾಲ್ಯದ ಗೆಳತಿ. ಹುಡುಗ ಕೆಲವು ವರ್ಷ ಗಲ್ಫಿನಲ್ಲಿದ್ದು ಬಂದು, ಉಡುಪಿಯಲ್ಲಿ ವಿಜಯೀಂದ್ರ ಎಂಬವರ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಿತಮಾತಿನವನು. ತಂಗಿಯ ಮದುವೆ ಮಾಡಿ ಆಮೇಲೆ ತನ್ನದು ಎಂದು ಕೂತವನು.

ಅವನು ಬಂದು, ಪೆಟ್ಟಿಗೆ ಬಿಚ್ಚಿ, ಟಾರ್ಚು ಹಿಡಿದು ನೋಡಿದ. “ಅಕ್ಕ, ಇದರಲ್ಲಿ ರ‍್ಯಾಮ್ ಸಾಲುವುದಿಲ್ಲ. ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡಿಸಲು ಇದರಿಂದ ಆಗುವುದಿಲ್ಲ. ಸಣ್ಣ ಒಲೆಯಲ್ಲಿ ದೊಡ್ಡ ಮದುವೆಯ ಅಡುಗೆ ಮಾಡಿದ ಹಾಗೆ. ಪಕ್ಕದಲ್ಲಿ ಖಾಲಿ ಜಾಗ ಉಂಟು, ಇನ್ನೊಂದು ಹಾಕಿದರೆ ಸರಿಯಾಗುತ್ತದೆ.”

“ಆ ಜಾಗ ಮೊದಲೇ ಖಾಲಿ ಇತ್ತಾ?” ಎಂದು ಅಂಬಕ್ಕ ಕೇಳಿದರು.

ರೋಶನ್ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮರುದಿನ ರ‍್ಯಾಮ್ ತಂದ. ಅಂಗೈಯುದ್ದದ ಹಸಿರು ಪಟ್ಟಿ. ಕೆಳಗಿನ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಹಲ್ಲುಗಳ ಸಾಲು. ಆ ಹಲ್ಲುಗಳೇ ಒಳಗಿನ ಸಂದಿನಲ್ಲಿ ಕಚ್ಚಿಕೊಂಡು ಕೂರುವುದು ಎಂದು ತೋರಿಸಿದ. ಅಂಬಕ್ಕ ಅದನ್ನು ಕೈಯಲ್ಲಿ ಹಿಡಿದು, “ಇಲ್ಲೇ ಮೇಜಿನ ಮೇಲೆ ಇರಲಿ. ನೀವು ಮೊದಲು ಎದುರಿನ ಹೋಟೆಲಿನಲ್ಲಿ ಚಾ ಕುಡಿದು ಬನ್ನಿ ಮಾರಾಯ, ನನ್ನ ಹೆಸರು ಹೇಳಿ ಸಾಕು” ಎಂದರು. ಅಂಬಕ್ಕ ಪುಕ್ಕಟೆ ಚಾ ಕುಡಿಸುವುದನ್ನು ಕಂಡು ನಾನು ನನ್ನ ಅಂಗಡಿಯಿಂದಲೇ ಆಶ್ಚರ್ಯಪಟ್ಟೆ.

ಅವನು ಆಚೆ ಹೋದಾಗ ಅವರು ಮಾಡಿದ್ದೇನೆಂದು ನನಗೆ ತಿಳಿದದ್ದು ಬಹಳ ಆಮೇಲೆ, ಅವರ ಬಾಯಿಂದಲೇ. ಕಂಪ್ಯೂಟರಿನವರು ತೋರಿಸುವುದು ಒಂದು, ಒಳಗೆ ಹಾಕುವುದು ಇನ್ನೊಂದು ಎಂದು ಯಾರೋ ಮೊಬೈಲಿಗೆ ವೀಡಿಯೊ ಕಳಿಸಿದ್ದರಂತೆ. ತೋರಿಸಿದ್ದನ್ನೇ ಹಾಕಿದ್ದಾನೆಂದು ತಿಳಿಯುವುದು ಹೇಗೆ? ಡ್ರಾಯರಿನಿಂದ ನೈಲ್ ಪಾಲಿಶಿನ ಬಾಟಲಿ ತೆಗೆದರು. ಗುರುತು ಎಲ್ಲಿ ಹಾಕಬೇಕೆಂಬ ಬಗ್ಗೆ ಅವರಿಗೆ ಒಂದಿಷ್ಟೂ ಸಂಶಯ ಬರಲಿಲ್ಲ, ಜೀವನದಲ್ಲಿ ಸಂಶಯ ಬಾರದ ಒಂದೇ ಒಂದು ಸಲ. ಗುರುತು ಯಾವತ್ತೂ ಅಡಿಯಲ್ಲೇ. ಚಿನ್ನದ ಹಲ್ಲುಗಳ ಮೇಲೆ ಒಂದು ಗೀರು ಎಳೆದು, ಊದಿ ಒಣಗಿಸಿ, ಇದ್ದಲ್ಲೇ ಇಟ್ಟರು.

ರೋಶನ್ ಬಂದು ಅದನ್ನು ಕೂರಿಸಿ ಸ್ವಿಚ್ ಹಾಕಿದ. ಪೆಟ್ಟಿಗೆ ಬೀಪ್ ಬೀಪ್ ಎಂದಿತು, ಪರದೆ ಕಪ್ಪಾಗಿಯೇ ಉಳಿಯಿತು. ತೆಗೆದು, ಶಾಲೆಯ ರಬ್ಬರಿನಿಂದ ಹಲ್ಲುಗಳನ್ನು ಒರೆಸಿ ಪುನಃ ಹಾಕಿದ. ಅದೇ ಬೀಪ್. ಹೊಸದನ್ನು ತೆಗೆದು ಹಳೆಯದನ್ನು ಮಾತ್ರ ಬಿಟ್ಟರೆ ಕಂಪ್ಯೂಟರ್ ಮೊದಲಿನ ಹಾಗೆ ಕುಂಟುತ್ತ ಶುರುವಾಗುತ್ತಿತ್ತು. “ಹೊಸದರಲ್ಲೇ ದೋಷ ಇರಬಹುದು ಅಕ್ಕ, ಬದಲಾಯಿಸಿ ತರುತ್ತೇನೆ” ಎಂದ.

“ಒಮ್ಮೆ ಕೊಡಿ ನೋಡುವ” ಎಂದು ಅಂಬಕ್ಕ ಅದನ್ನು ಬಾಗಿಲಿನ ಬೆಳಕಿಗೆ ಓರೆ ಹಿಡಿದರು. ಗೀರು ಮಿಂಚಿತು. ಅಂದರೆ ತೋರಿಸಿದ್ದನ್ನೇ ಹಾಕಿದ್ದಾನೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸಮಾಧಾನಪಡುತ್ತಿದ್ದರು. ಅಂಬಕ್ಕನ ಸಂಶಯ ಸಾಯಲಿಲ್ಲ, ಒಂದು ಹೆಜ್ಜೆ ಹಿಂದೆ ಹೋಗಿ ನಿಂತಿತು.

ಅವನು ಹೋದ ಮೇಲೆ ನನ್ನ ಅಂಗಡಿಗೆ ಬಂದು ಹೇಳಿದರು. “ನೋಡಿ ಬಾಯಿ, ಇಲ್ಲಿ ಬದಲಾಗಲಿಲ್ಲ ಎಂದರೆ ಬರುವ ಮೊದಲೇ ಬದಲಾಗಿದೆ. ಉಡುಪಿಯಿಂದ ಬರುವಾಗ ಕಟಪಾಡಿ ಸಿಗುತ್ತದೆ. ಕಟಪಾಡಿಯಲ್ಲಿ ಒಳಗೆ ತಿರುಗಿದರೆ ಶಂಕರಪುರ. ಅವನ ಮನೆ ಅಲ್ಲೇ ಉಂಟು ಅಲ್ವಾ?”

ನನಗೆ ರೇಗಿತು. “ಅಂಬಕ್ಕ, ಅವನು ನಮ್ಮ ಆನ್ಸಿಲ್ಲಾಳ ಮಗ.”

“ಆನ್ಸಿಲ್ಲಾ ಬಾಯಿ ಒಳ್ಳೆಯವರೇ. ರ‍್ಯಾಮ್ ತಂದದ್ದು ಅವರಲ್ಲವಲ್ಲ.”

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನಾನು ಕತ್ತರಿಗೆ ಕೇಳುವಷ್ಟು ಮೆಲ್ಲಗೆ ಹೇಳಿಕೊಂಡೆ. ಜೋರಾಗಿ ಹೇಳಬೇಕಿತ್ತು.

ಎರಡನೆಯ ರ‍್ಯಾಮನ್ನು ವಿಜಯೀಂದ್ರರು ತಮ್ಮ ಅಂಗಡಿಯಲ್ಲೇ ಒಂದು ಕಂಪ್ಯೂಟರಿಗೆ ಹಾಕಿ, ಸರಿಯಾಗಿ ನಡೆಯುತ್ತದೆಂದು ನೋಡಿ, ರೋಶನ್‌ನ ಕೈಗೆ ಕೊಟ್ಟಿದ್ದರು. ಅವನು ಅದನ್ನು ಕಾಪುವಿಗೆ ತಂದ. ಅಂಬಕ್ಕ ಪುನಃ ಚಾಕ್ಕೆ ಕಳಿಸಿದರು. ಪುನಃ ಅಡಿಗೆ ಗೀರು ಎಳೆದರು, ಈ ಸಲ ಸ್ವಲ್ಪ ದೊಡ್ಡದು. ಪುನಃ ಬೀಪ್ ಬೀಪ್.

ಆ ಬೀಪ್ ಕೇಳಿ ನಾನೂ ಹೋಗಿ ನಿಂತೆ. ರೋಶನ್‌ನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. “ಅಂಗಡಿಯಲ್ಲಿ ನಡೆದಿತ್ತು ಅಕ್ಕ. ನನ್ನ ಕಣ್ಣೆದುರಿಗೇ ನಡೆದಿತ್ತು” ಎಂದ. ಅಂಬಕ್ಕ ಮೊಬೈಲ್ ತೆಗೆದು, ಅವನ ಎದುರಿಗೇ ವಿಜಯೀಂದ್ರರಿಗೆ ಫೋನ್ ಮಾಡಿದರು.

“ನಿಮ್ಮ ಅಂಗಡಿಯಲ್ಲಿ ಸರಿ ಇದ್ದದ್ದು ನನ್ನ ಅಂಗಡಿಗೆ ಬರುವಾಗ ಹಾಳಾಗುವುದು ಹೇಗೆ ಸ್ವಾಮಿ? ನಡುವೆ ಇದ್ದದ್ದು ಇವರು ಒಬ್ಬರೇ ಅಲ್ವಾ? ಒಳ್ಳೆಯದು ಎಲ್ಲಿಗೆ ಹೋಯಿತೆಂದು ನೀವೇ ವಿಚಾರಿಸಿ.”

“ಅಕ್ಕ, ನಾನು ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ” ಎಂದ ರೋಶನ್.

“ನಿಂತಿರಿ ಎಂದು ನಾನು ಹೇಳಿದೆನಾ? ಕುಂಬಳಕಾಯಿ ಕಳ್ಳ ಎಂದರೆ ನೀವು ಯಾಕೆ ಹೆಗಲು ಮುಟ್ಟಿ ನೋಡುವುದು?”

ಅವನು ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ, ಪೆಟ್ಟಿಗೆ ಮುಚ್ಚಿ, ಮೇಜನ್ನು ಒರೆಸಿ ಹೋದ. ನನ್ನ ಕಡೆ ನೋಡಲಿಲ್ಲ.

ಕಂಪ್ಯೂಟರ್ ರಿಪೇರಿಯ ಕೆಲಸ ಎಂದರೆ ಜನರು ತಮ್ಮ ಪೆಟ್ಟಿಗೆಯನ್ನು ಬಿಚ್ಚಿ ಇನ್ನೊಬ್ಬನ ಕೈಗೆ ಕೊಡುವುದು. ಮಾಲು ಬದಲಾಯಿಸುವವನು ಎಂಬ ಹೆಸರು ಒಮ್ಮೆ ಬಂದರೆ ಉಡುಪಿಯಿಂದ ಮಣಿಪಾಲದವರೆಗೆ ಅವನಿಗೆ ಯಾವ ಅಂಗಡಿಯಲ್ಲೂ ಕೆಲಸ ಇಲ್ಲ. ಅಂಬಕ್ಕನಿಗೆ ಇದು ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಹೆಸರು ಹೋಗುವುದು ಹೇಗೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಉಡುಪಿಯಲ್ಲಿ ನಡೆದದ್ದು ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲ ಮೇಲೆ ತಿಳಿಯಿತು. ಎರಡನೆಯ ರ‍್ಯಾಮೂ ವಾಪಸು ಬಂದಾಗ ವಿಜಯೀಂದ್ರರು, “ಬ್ಯಾಗ್ ಬಿಚ್ಚಿ ತೋರಿಸು” ಎಂದರಂತೆ. ಅಂಗಡಿಯ ಸ್ಟಿಕ್ಕರ್ ಅದರ ಮೇಲೆಯೇ ಇದೆಯಲ್ಲ ಎಂದು ರೋಶನ್ ತೋರಿಸಿದ್ದಕ್ಕೆ, “ಸ್ಟಿಕ್ಕರ್ ಕಿತ್ತು ಇನ್ನೊಂದಕ್ಕೆ ಅಂಟಿಸಲು ಎಷ್ಟು ಹೊತ್ತು?” ಎಂದರಂತೆ. ಸಂಶಯ ಎಂಬುದು ಅಂಟುರೋಗ, ಫೋನಿನಲ್ಲೂ ಹರಡುತ್ತದೆ. ಗಿರಾಕಿಗಳು ನೋಡುತ್ತಿದ್ದ ಹಾಗೆಯೇ ಅವನು ಬ್ಯಾಗನ್ನು ಮೇಜಿನ ಮೇಲೆ ಸುರಿದ. ಸ್ಕ್ರೂಡ್ರೈವರ್, ರಬ್ಬರ್, ಊಟದ ಡಬ್ಬಿ ಬಿದ್ದವು. ಅವನ್ನು ಪುನಃ ತುಂಬಿಸಿಕೊಂಡು ಮನೆಗೆ ಹೋದವನು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಅವರೂ ಕರೆಯಲಿಲ್ಲ.

ಇಷ್ಟು ಹೇಳಿ ಆನ್ಸಿಲ್ಲಾ, “ನೀನು ಹೇಳಿದ ಜಾಗ ಅಲ್ವಾ ತೆರೆಸಾ, ಅದಕ್ಕೇ ಅವನು ಎರಡನೇ ಸಲವೂ ಹೋದದ್ದು” ಎಂದಳು. ನಾನು ಅಂಬಕ್ಕನ ಜೊತೆ ಮಾತು ಬಿಟ್ಟೆ. ಅವರ ಬೆಕ್ಕು ಮಾತ್ರ ಎರಡೂ ಅಂಗಡಿಗೆ ಬಂದು ಹೋಗುತ್ತಿತ್ತು.

ಆಮೇಲೆ ಒಂದು ಮಧ್ಯಾಹ್ನ ವಿಜಯೀಂದ್ರರೇ ಕಾಪುವಿಗೆ ಬಂದರು. ಮಾತು ಕೇಳಿ ನಾನೂ ಹೋಗಿ ಬಾಗಿಲಲ್ಲಿ ನಿಂತೆ. ಅವರ ಕೈಯಲ್ಲಿ ಆ ಎರಡು ರ‍್ಯಾಮ್‌ಗಳಿದ್ದವು.

“ಸ್ಟಿಕ್ಕರಿನ ಅಡಿಯಲ್ಲಿ ಕಂಪೆನಿಯ ನಂಬರ್ ಉಂಟು ಅಕ್ಕ. ಪ್ಯಾಕೆಟ್ಟಿನ ನಂಬರಿಗೆ ಹೋಲಿಸಿ ನೋಡಿದೆ. ಎರಡೂ ನನ್ನ ಅಂಗಡಿಯಿಂದ ಹೊರಟದ್ದೇ, ಬದಲಾಗಲೇ ಇಲ್ಲ. ಹಾಗಾದರೆ ಸರಿ ಇದ್ದದ್ದು ಹಾಳಾದದ್ದು ಹೇಗೆಂದು ಲೆನ್ಸ್ ಹಿಡಿದು ನೋಡಿದೆ. ಹಲ್ಲುಗಳ ಮೇಲೆ ಎಂತದೋ ಅಂಟಿಕೊಂಡಿದೆ. ಹೀಗೆ ನೋಡಿದರೆ ಕಾಣುವುದಿಲ್ಲ. ಹೀಗೆ ಹಿಡಿದರೆ…”

ಅವರು ಅದನ್ನು ಬಾಗಿಲಿನ ಬೆಳಕಿಗೆ ಓರೆ ಹಿಡಿದರು. ಗೀರು ಮಿಂಚಿತು. ಆ ಓರೆ ಹಿಡಿಯುವ ರೀತಿ ನನಗೆ ಗೊತ್ತು. ಅಂಬಕ್ಕನ ಕೈಯಲ್ಲಿ ಸಾವಿರ ಸಲ ನೋಡಿದ್ದು. ನಾನು ಅಂಬಕ್ಕನನ್ನು ನೋಡಿದೆ.

“ಈ ಹಲ್ಲು ಸಂದಿಗೆ ತಾಗಿದರೆ ಮಾತ್ರ ಕಂಪ್ಯೂಟರಿಗೆ ಇದು ಇದೆ ಎಂದು ಗೊತ್ತಾಗುವುದು” ಎಂದರು ವಿಜಯೀಂದ್ರ. “ನೈಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಒಂದನ್ನು ಒರೆಸಿದೆ, ಅಂಟು ಹೋಯಿತು. ರೋಶನ್ ಹೀಗೆ ಯಾಕೆ ಮಾಡಿದನೆಂದು ನನಗೆ ಅರ್ಥವಾಗುತ್ತಿಲ್ಲ.”

ಸುಮ್ಮನಿದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ತಪ್ಪು ರೋಶನ್‌ನ ಹೆಸರಿನಲ್ಲೇ ಉಳಿಯುತ್ತಿತ್ತು. ಅಂಬಕ್ಕ ನನ್ನ ಕಡೆ ಒಮ್ಮೆ ನೋಡಿದರು. ಹೇಳದಿದ್ದರೆ ನಾನು ಹೇಳುತ್ತೇನೆಂದು ಅವರಿಗೆ ಗೊತ್ತಿತ್ತೋ ಏನೋ. ಆದರೂ ಆ ಎರಡು ಮಾತು ಅವರದೇ ಬಾಯಿಂದ ಬಂತು ಎಂಬುದನ್ನು ನಾನು ಬರೆದಿಡಬೇಕು.

“ಅವನಲ್ಲ. ನಾನು.”

ಡ್ರಾಯರ್ ಎಳೆದು ಬಾಟಲಿಯನ್ನು ಮೇಜಿನ ಮೇಲೆ ಇಟ್ಟರು. ವಿಜಯೀಂದ್ರರು ಬಾಟಲಿಯನ್ನು ನೋಡಿದರು, ಅಂಬಕ್ಕನನ್ನು ನೋಡಿದರು, ಆಮೇಲೆ ತಮ್ಮ ಕಾಲನ್ನು ನೋಡಿದರು. ಬ್ಯಾಗ್ ಸುರಿಸಿದ್ದು ಅವರೇ ಅಲ್ಲವೇ? ಒರೆಸಿದ ರ‍್ಯಾಮನ್ನು ತಾವೇ ಕೂರಿಸಿ ಸ್ವಿಚ್ ಹಾಕಿದರು. ನಾಲ್ಕು ಕ್ಯಾಮೆರಾಗಳ ಚಿತ್ರವೂ ಸರಾಗವಾಗಿ ಓಡತೊಡಗಿತು. ಅದನ್ನು ನಾವು ಯಾರೂ ನೋಡಲಿಲ್ಲ.

“ಕಾರ್ಕಳದ ಚಪ್ಪರದಡಿ ನನ್ನನ್ನು ನಿಲ್ಲಿಸಿದರಲ್ಲ ಬಾಯಿ” ಎಂದರು ಅಂಬಕ್ಕ, ವಿಜಯೀಂದ್ರರು ಹೋದ ಮೇಲೆ. “ಅದೇ ಜಾಗದಲ್ಲಿ ನಾನು ಅವನನ್ನು ನಿಲ್ಲಿಸಿದೆ.”

ಮರುದಿನವೇ ಮಟ್ಟುವಿನಿಂದ ಗುಳ್ಳ ತರಿಸಿ, ಚೀಲ ಹಿಡಿದುಕೊಂಡು, ನನ್ನನ್ನೂ ಕರೆದುಕೊಂಡು ಶಂಕರಪುರಕ್ಕೆ ಹೊರಟರು. ಆನ್ಸಿಲ್ಲಾ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ನಮ್ಮನ್ನು ಕಂಡು ನೂಲು ಕೆಳಗಿಡಲಿಲ್ಲ. ರೋಶನ್ ಮಾತ್ರ ಕುರ್ಚಿ ತಂದಿಟ್ಟು, ಶರಬತ್ತು ಕೊಟ್ಟು, ಎದುರು ಕುಳಿತ. ಬೈದಿದ್ದರೆ ಒಳ್ಳೆಯದಿತ್ತು ಎನಿಸುವಷ್ಟು ಮರ್ಯಾದೆ ಮಾಡಿದ.

ಅಂಬಕ್ಕ ಏನನ್ನೂ ಮುಚ್ಚಿಡಲಿಲ್ಲ. ಕೆಂಪು ಬೊಟ್ಟು, ಅದರ ಪಕ್ಕದ ಗೀರು, ಬೆಳಕಿಗೆ ಓರೆ ಹಿಡಿಯುವುದು, ಯಾರಿಗೂ ಹೇಳದ್ದನ್ನೆಲ್ಲ ಅವನಿಗೆ ಹೇಳಿದರು. “ನನ್ನದು ತಪ್ಪಾಯಿತು. ನಿಮ್ಮ ಧಣಿಗೂ ಹೇಳಿದ್ದೇನೆ. ಅವರು ಬರಲು ಹೇಳಿದ್ದಾರೆ” ಎಂದರು.

“ಬ್ಯಾಗ್ ಸುರಿದ ಮೇಜಿನ ಹಿಂದೆ ಹೋಗಿ ಹೇಗೆ ಕೂತುಕೊಳ್ಳುವುದು ಅಕ್ಕ? ಇಲ್ಲೇ ಮನೆಯಲ್ಲಿ ಅಷ್ಟೋ ಇಷ್ಟೋ ರಿಪೇರಿ ಬರುತ್ತದೆ, ಸಾಕು.” ಆಮೇಲೆ ಅವನು, “ಗುರುತು ಹಾಕುವುದಿದ್ದರೆ ನನ್ನ ಎದುರಿಗೇ ಹಾಕಬಹುದಿತ್ತು. ಎಲ್ಲಿ ಹಾಕಬೇಕೆಂದು ನಾನೇ ತೋರಿಸುತ್ತಿದ್ದೆ” ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ಅಂಬಕ್ಕ ಖಾಲಿ ಚೀಲವನ್ನು ಮಡಚುತ್ತಲೇ ಇದ್ದರು.

ಮಳೆಗಾಲ ಕಳೆದು ರೋಶನ್‌ನ ತಂಗಿಯ ಮದುವೆ ಬಂತು. ಹಿಂದಿನ ದಿನ ಮನೆಯಲ್ಲೇ ರೋಸ್, ಊರವರಿಗೆಲ್ಲ ಊಟ. ಪಾತ್ರೆ ಎಲ್ಲಿಂದ ತರುತ್ತಾರೋ ಎಂದು ನಾನು ಕಾದಿದ್ದೆ. ಅವನು ಸೀದಾ ಅಂಬಕ್ಕನ ಬಾಗಿಲಿಗೇ ಬಂದ. ಅಂಬಕ್ಕನ ಖುಷಿಗೆ ಮಿತಿ ಇರಲಿಲ್ಲ. ಹೊಸ ಡಬರಿ, ಹೊಳೆಯುವ ಸೌಟುಗಳನ್ನೇ ಆರಿಸಿ ಆರಿಸಿ ಕೊಟ್ಟರು. ಬಾಡಿಗೆ ಬೇಡವೇ ಬೇಡ ಎಂದರು. ಅವನು ಕೊಟ್ಟೇ ಹೋದ.

“ಬಂದನಲ್ಲ ಬಾಯಿ” ಎಂದು ಆ ದಿನ ನನಗೆ ಎಷ್ಟು ಸಲ ಹೇಳಿದರೋ. “ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಬರುತ್ತಿದ್ದನಾ? ವಾಪಸು ತರುವಾಗ ನಾನು ಒಂದನ್ನೂ ನೋಡುವುದಿಲ್ಲ. ನೀವೇ ನೋಡಿ ಬೇಕಾದರೆ.”

ಮದುವೆಯ ಮರುದಿನ ಬೆಳಿಗ್ಗೆ ರೋಶನ್ ಟೆಂಪೋದಲ್ಲಿ ಪಾತ್ರೆ ತಂದ. ಅಂಬಕ್ಕ ಕುರ್ಚಿಯಿಂದ ಏಳಲಿಲ್ಲ. ಏಳಬಾರದೆಂದು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. “ಹಾಗೇ ಒಳಗೆ ಇಟ್ಟುಬಿಡಿ ಮಾರಾಯ. ನೋಡುವುದು ಎಂತ ಇಲ್ಲ” ಎಂದರು. ಈ 'ನೋಡುವುದು ಎಂತ ಇಲ್ಲ' ಎಂಬ ಮಾತನ್ನು ಆ ಬಾಗಿಲಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ.

ರೋಶನ್ ಒಂದು ಡಬರಿ ಎತ್ತಿಕೊಂಡು ಅವರ ಎದುರು ಬಂದ. ಕವುಚಿ ಹಿಡಿದು ಕೆಂಪು ಬೊಟ್ಟು ತೋರಿಸಿದ. ಆಮೇಲೆ ಬಾಗಿಲಿನ ಬೆಳಕಿಗೆ ಓರೆ ಹಿಡಿದು ಮಿಂಚುವ ಗೀರನ್ನೂ ತೋರಿಸಿದ.

“ಇದು ನಿಮ್ಮದೇ ಅಲ್ವಾ ಅಕ್ಕ?”

“ಅಯ್ಯೋ, ಬೇಡ ರೋಶನ್. ನನಗೆ ನಂಬಿಕೆ ಉಂಟು.”

“ಇರಲಿ ಅಕ್ಕ. ನೋಡಿಕೊಳ್ಳಿ. ಆಮೇಲೆ ಮಾತು ಬೇಡ.”

ದನಿಯಲ್ಲಿ ಕೋಪ ಇರಲಿಲ್ಲ. ಡಬರಿಯನ್ನು ಒಳಗಿಟ್ಟು ಬಕೆಟ್ಟು ತಂದ. ಕವುಚಿದ, ಓರೆ ಹಿಡಿದ, ಕೇಳಿದ. ಅಂಬಕ್ಕ ಹೌದೆಂದರು. ಮುಂದಿನದನ್ನು ತಂದ. ಪ್ರತಿಯೊಂದಕ್ಕೂ ಅವರು “ಹೌದು, ನನ್ನದೇ” ಎನ್ನಬೇಕಾಯಿತು, ಎನ್ನುವವರೆಗೆ ಅವನು ಕೈ ಕೆಳಗಿಳಿಸುತ್ತಿರಲಿಲ್ಲ. ಬರುಬರುತ್ತ ಅವರ ದನಿ ನನಗೇ ಕೇಳದಷ್ಟು ಸಣ್ಣದಾಯಿತು. ಸೌಟುಗಳನ್ನೂ ಅವನು ಒಟ್ಟಿಗೆ ತರಲಿಲ್ಲ. ಒಂದೊಂದನ್ನೇ ತಿರುಗಿಸಿ ತೋರಿಸಿ, ಕೊನೆಯದನ್ನೂ ಒಳಗಿಟ್ಟು, ಕೈಮುಗಿದು, ಟೆಂಪೋ ಹತ್ತಿ ಹೋದ.

ನಾನು ಹೋಗಿ ಅಂಬಕ್ಕನ ಪಕ್ಕದಲ್ಲಿ ಕುಳಿತೆ. ಅವರು ಬಾಗಿಲ ಕಡೆಯೇ ನೋಡುತ್ತಿದ್ದರು.

“ಒಂದು ಸೌಟನ್ನಾದರೂ ಅವನು ಹಾಗೇ ಇಡಬಹುದಿತ್ತು, ಅಲ್ವಾ ಬಾಯಿ?” ಎಂದರು.